25 ಸಾವಿರದಲ್ಲಿ ಕಿಚನ್ ಐಲ್ಯಾಂಡ್ ಆಗುತ್ತಾ?

ಪ್ರಶ್ನೆ: ನಮ್ಮದು ದಾವಣಗೆರೆ. ಹೋದ ವರ್ಷ ಮನೆ ಕಟ್ಟಿ ಮುಗಿಸಿದೆವು. ಅಡುಗೆಮನೆ 11 ಅಡಿ ಅಗಲ, 13 ಅಡಿ ಉದ್ದ ಇದೆ. ಪೂರ್ವದ ಉದ್ದ ಗೋಡೆಗೂ ದಕ್ಷಿಣದ ಗೋಡೆಗೂ ಸೇರಿ 2 ಅಡಿ ಆಳದ ಗ್ರಾನೈಟ್ ಕಟ್ಟೆ ಇದೆ. ಬಾಗಿಲು ಉತ್ತರಕ್ಕೆ. ಫ್ರಿಜ್ ಪಶ್ಚಿಮದ ಗೋಡೆಗೆ, ಬಾಗಿಲ ಕಡೆಯ ಮೂಲೆಯಲ್ಲಿ. ಮಧ್ಯದ ಜಾಗ ಸುಮ್ನೆ ಖಾಲಿ ಬಿದ್ದಿದೆ. ಅಲ್ಲೊಂದು ಐಲ್ಯಾಂಡ್, ಅಂದರೆ ಗೋಡೆಗೆ ತಾಗದೆ ನಡುವೆ ನಿಲ್ಲುವ ಕೆಲಸದ ಮೇಜು, ಬೇಕು ಅಂತ ಆಸೆ. ಮಾಡ್ಯುಲರ್ ಕಿಚನ್‌ನವರು 1.35 ಲಕ್ಷ ಕೇಳಿದರು. ನಮ್ಮ ಕಾರ್ಪೆಂಟರ್ ಎರಡೂ ಕಡೆ ಬಾಗಿಲಿರುವ ಪ್ಲೈವುಡ್ ಪೆಟ್ಟಿಗೆ ಮಾಡಿಕೊಡಲು 55 ಸಾವಿರ ಹೇಳಿದ್ದಾರೆ. ನಮ್ಮ ಕೈಯಲ್ಲಿರುವುದು 25 ಸಾವಿರ. ದಿನಾ ಜೋಳದ ರೊಟ್ಟಿ ತಟ್ಟುತ್ತೇನೆ. ಈಗಿನ ಕಟ್ಟೆ ಎತ್ತರವಾಗಿ ಭುಜ ನೋಯುತ್ತದೆ. ಮಗ ಅಲ್ಲೇ ಕೂತು ಹೋಂವರ್ಕ್ ಮಾಡುವಂತಿದ್ದರೆ ಒಳ್ಳೆಯದು. ಸ್ಟೌ ಅಥವಾ ಸಿಂಕ್ ಅಲ್ಲಿಗೇ ತರಬಹುದಾ? ನನ್ನ ಎತ್ತರ 5 ಅಡಿ 1 ಇಂಚು. ಯಜಮಾನರಿಗೆ ಡ್ರಿಲ್ ಹಿಡಿದು ಅಭ್ಯಾಸ ಇದೆ.

ಉತ್ತರ: ಆಗುತ್ತದೆ. 25 ಸಾವಿರದೊಳಗೇ ಆಗುತ್ತದೆ, ಗಟ್ಟಿಯಾಗಿಯೂ ಇರುತ್ತದೆ. ಆದರೆ ಪ್ಲೈವುಡ್ ಪೆಟ್ಟಿಗೆಯ ಯೋಚನೆ ಬಿಡಬೇಕು. ಸ್ಟೌ, ಸಿಂಕ್ ಎರಡನ್ನೂ ಗೋಡೆಯ ಕಟ್ಟೆಯಲ್ಲೇ ಉಳಿಸಬೇಕು. ಕಬ್ಬಿಣದ ಚೌಕ ಪೈಪಿನ ಚೌಕಟ್ಟು, ಮೇಲೆ ಗ್ರಾನೈಟ್, ಕೆಳಗೆ ಬಾಗಿಲಿಲ್ಲದ ಎರಡು ಹಲಗೆ, ಒಂದು ಡ್ರಾಯರ್. ಇಷ್ಟು ಸಾಕು. ನಿಮ್ಮ ಮನೆಗೆ ಇದು ಅಗ್ಗದ ದಾರಿ ಮಾತ್ರವಲ್ಲ, ಮೂರರಲ್ಲಿ ಒಳ್ಳೆಯ ದಾರಿಯೂ ಇದೇ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಮೊದಲು ಜಾಗ ಅಳೆಯೋಣ. ಐಲ್ಯಾಂಡ್ ವಿಷಯದಲ್ಲಿ ಎಲ್ಲರೂ ಮೇಜಿನ ಅಳತೆ ಯೋಚಿಸುತ್ತಾರೆ. ಯೋಚಿಸಬೇಕಾದದ್ದು ಅದರ ಸುತ್ತ ಉಳಿಯುವ ಓಡಾಟದ ಜಾಗ. ಒಬ್ಬರೇ ನಿಂತು ಕೆಲಸ ಮಾಡುವ ಕಡೆ ಮೂರೂವರೆ ಅಡಿ ಬೇಕು. ಬೆನ್ನಿಗೆ ಬೆನ್ನು ಕೊಟ್ಟು ಇಬ್ಬರು ನಿಲ್ಲುವುದಾದರೆ 4 ಅಡಿ ಇರಲಿ. ಸುಮ್ಮನೆ ದಾಟಿ ಹೋಗುವ ಕಡೆ 3 ಅಡಿ ಸಾಕು. ಅದಕ್ಕಿಂತ ಕಡಿಮೆಯಾದರೆ ಬಿಸಿ ಸಾರಿನ ಪಾತ್ರೆ ಹಿಡಿದು ತಿರುಗುವುದೇ ಅಪಾಯ.

ನಿಮ್ಮ ಅಡುಗೆಮನೆಯ 11 ಅಡಿ ಅಗಲದಲ್ಲಿ ಕಟ್ಟೆಯ 2 ಅಡಿ ಕಳೆದರೆ 9 ಅಡಿ ಉಳಿಯುತ್ತದೆ. ಐಲ್ಯಾಂಡಿಗೆ 2 ಅಡಿ ಕೊಟ್ಟರೆ ಆ ಕಡೆ ಮೂರೂವರೆ, ಈ ಕಡೆ ಮೂರೂವರೆ. ಸರಿಯಾಗಿ ಕೂರುತ್ತದೆ. ಉದ್ದದ 13 ಅಡಿಯಲ್ಲಿ ದಕ್ಷಿಣದ ಕಟ್ಟೆ ಕಳೆದು 11 ಉಳಿಯಿತು. ಮೂರೂವರೆ ಅಡಿ ಬಿಟ್ಟು, 4 ಅಡಿ ಉದ್ದದ ಐಲ್ಯಾಂಡ್ ಇಟ್ಟರೆ ಬಾಗಿಲ ಕಡೆಗೆ ಇನ್ನೂ ಮೂರೂವರೆ ಅಡಿ ಸಿಗುತ್ತದೆ. ನಿಮ್ಮ ಫ್ರಿಜ್ ಇರುವುದು ಆ ಕೊನೆಯ ಮೂರೂವರೆ ಅಡಿಯ ಪಕ್ಕದಲ್ಲೇ. ಹಾಗಾಗಿ ಫ್ರಿಜ್ ಬಾಗಿಲು ಪೂರ್ತಿ ತೆರೆಯುತ್ತದೆ. ಅದೇ ಫ್ರಿಜ್ ಗೋಡೆಯ ಮಧ್ಯದಲ್ಲಿದ್ದಿದ್ದರೆ ಅದರ ಎದುರಿಗೆ ಒಂದಡಿ ಮಾತ್ರ ಉಳಿಯುತ್ತಿತ್ತು. ಆಗ ಐಲ್ಯಾಂಡ್ ಬೇಡ ಅಂತಲೇ ಹೇಳುತ್ತಿದ್ದೆ.

ಅಂದರೆ ನಿಮಗೆ 4 ಅಡಿ ಉದ್ದ, 2 ಅಡಿ ಅಗಲ. ಅದಕ್ಕಿಂತ ದೊಡ್ಡದು ಬೇಡ. ಈ ಅಳತೆಯಲ್ಲಿ ಇನ್ನೊಂದು ಲಾಭವೂ ಇದೆ. ಪ್ಲೈವುಡ್ ಹಾಳೆ ಬರುವುದೇ 8 ಅಡಿ ಉದ್ದ, 4 ಅಡಿ ಅಗಲದಲ್ಲಿ. ಒಂದು ಹಾಳೆಯಿಂದ ಇಂಥ ನಾಲ್ಕು ತುಂಡು ಬರುತ್ತವೆ, ಚೂರೂ ವ್ಯರ್ಥವಾಗುವುದಿಲ್ಲ. ಅದರ ಲೆಕ್ಕ ಆಮೇಲೆ ಬರುತ್ತದೆ.

ಒಂದು ರೂಪಾಯಿ ಖರ್ಚು ಮಾಡುವ ಮೊದಲು ನೆಲದ ಮೇಲೆ ಈ ಅಳತೆಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಅದರ ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಸೊಂಟದ ಎತ್ತರಕ್ಕೆ ಜೋಡಿಸಿ. ಒಂದು ವಾರ ಹಾಗೇ ಅಡುಗೆ ಮಾಡಿ. ಹಬ್ಬದ ದಿನವೋ ನೆಂಟರು ಬಂದ ದಿನವೋ ಆ ವಾರದಲ್ಲಿ ಬಂದರೆ ಇನ್ನೂ ಒಳ್ಳೆಯದು. ಎಲ್ಲಿ ಸೊಂಟ ತಾಗುತ್ತದೆ, ಯಾವ ಕಡೆಯಿಂದ ಜಾಸ್ತಿ ಓಡಾಡುತ್ತೀರಿ ಅಂತ ಗೊತ್ತಾಗುತ್ತದೆ. ನಾಲ್ಕಿಂಚು ಆಚೆ ಈಚೆ ಸರಿಸುವುದಿದ್ದರೆ ಈಗಲೇ ಸರಿಸಬಹುದು.

ಈ ಉತ್ತರ ಓದುವ ಬೇರೆಯವರಿಗೂ ಒಂದು ಮಾತು. ನಿಮ್ಮ ಅಡುಗೆಮನೆ 8 ಅಡಿ ಅಗಲ ಇದ್ದು ಒಂದು ಕಡೆ ಕಟ್ಟೆ ಇದ್ದರೆ ಉಳಿಯುವುದು 6 ಅಡಿ. ಅದರಲ್ಲಿ ಎರಡೂ ಕಡೆ ಓಡಾಟ ಬಿಟ್ಟರೆ ಐಲ್ಯಾಂಡಿಗೆ ಜಾಗವೇ ಇಲ್ಲ. ಅಂಥಲ್ಲಿ ಇದೇ ಮೇಜನ್ನು ಎದುರಿನ ಗೋಡೆಗೆ ಒತ್ತಿ ಇಟ್ಟುಕೊಳ್ಳಿ. ಕೆಲಸ ಅಷ್ಟೇ ಚೆನ್ನಾಗಿ ಆಗುತ್ತದೆ.

ಈಗ ಸ್ಟೌ, ಸಿಂಕ್ ಯಾಕೆ ಬೇಡ ಅಂದೆ? ಸಿಂಕಿಗೆ ನೀರಿನ ಪೈಪ್ ಜೊತೆ ಹೊರಹೋಗುವ ಪೈಪೂ ಬೇಕು. ಅದಕ್ಕೆ ಇಳಿಜಾರು ಕೊಡಬೇಕು. ಹೋದ ವರ್ಷ ಹಾಕಿಸಿದ ಟೈಲ್ಸ್ ಒಡೆದು, ನೆಲ ಅಗೆದು, ಮತ್ತೆ ಮುಚ್ಚಿಸಬೇಕು. ನಿಮ್ಮ ದುಡ್ಡಿನಲ್ಲಿ ದೊಡ್ಡ ಪಾಲು ಕಣ್ಣಿಗೆ ಕಾಣದ ಕೆಲಸಕ್ಕೇ ಹೋಗುತ್ತದೆ. ಅದೇ ಟೈಲ್ಸ್ ಮತ್ತೆ ಸಿಗದಿದ್ದರೆ ನೆಲದಲ್ಲಿ ತೇಪೆ ಬೇರೆ.

ಸ್ಟೌ ವಿಷಯದಲ್ಲಿ ದುಡ್ಡಿಗಿಂತ ಸುರಕ್ಷತೆ ಮುಖ್ಯ. ಗ್ಯಾಸಿನ ರಬ್ಬರ್ ಹೋಸ್ ಓಡಾಡುವ ದಾರಿಗೆ ಅಡ್ಡ ಬರಲೇಬಾರದು. ಸಿಲಿಂಡರನ್ನು ಐಲ್ಯಾಂಡಿನ ಕೆಳಗೇ ಇಟ್ಟರೆ ಹಲಗೆಗಳ ಜಾಗವೆಲ್ಲ ಹೋಯಿತು. ಮೇಲೆ ಫ್ಯಾನ್ ಹಾಕುವ ಹಾಗಿಲ್ಲ. ಚಿಮಣಿ ಬೇಕೆಂದರೆ ಸೀಲಿಂಗಿನಿಂದ ಇಳಿಬಿಡುವ ಥರದ್ದೇ ಬೇಕು. ಗೋಡೆಯ ಚಿಮಣಿಗಿಂತ ಅದರ ಬೆಲೆ ತುಂಬಾ ಜಾಸ್ತಿ. ಇದೆಲ್ಲ ಒಂದು ಕಡೆ ಇರಲಿ. 2 ಅಡಿ ಅಗಲದ ಮೇಜಿನ ಒಂದು ಕಡೆ ಒಗ್ಗರಣೆ ಸಿಡಿಯುತ್ತಿದ್ದರೆ ಇನ್ನೊಂದು ಕಡೆ ಮಗುವನ್ನು ಕೂರಿಸುವುದು ಹೇಗೆ?

ಕರೆಂಟಿನದೂ ಅದೇ ಕಥೆ. ಮಿಕ್ಸಿ, ಗ್ರೈಂಡರ್ ಗೋಡೆಯ ಕಟ್ಟೆಯ ಮೇಲೇ ಇರಲಿ. ಐಲ್ಯಾಂಡಿಗೆ ಎಕ್ಸ್‌ಟೆನ್ಶನ್ ವಯರ್ ಎಳೆಯಬೇಡಿ. ನಮ್ಮಲ್ಲಿ ಅಡುಗೆಮನೆ ನೆಲಕ್ಕೆ ನೀರು ಹಾಕಿ ಒರೆಸುತ್ತೇವೆ. ಆ ಒದ್ದೆ ನೆಲದ ಮೇಲೆ ವಯರ್ ಬಿದ್ದಿರುವುದು ನನಗೆ ಭಯ ಹುಟ್ಟಿಸುತ್ತದೆ. ಕಾಲಿಗೆ ಸಿಕ್ಕಿ ಬೀಳುವುದು ಬೇರೆ. ಮನೆ ಇನ್ನೂ ಕಟ್ಟುತ್ತಿರುವವರು ಮಾತ್ರ ಟೈಲ್ಸ್ ಹಾಕುವ ಮುಂಚೆ ಐಲ್ಯಾಂಡ್ ಬರುವ ಜಾಗಕ್ಕೆ ಒಂದು ಪಿವಿಸಿ ಪೈಪ್ ಹಾಕಿಸಿಟ್ಟುಕೊಳ್ಳಿ. ಇಂಡಕ್ಷನ್ ಒಲೆ ಬಳಸುವ ಯೋಚನೆ ಇದ್ದರೆ ಅದರಲ್ಲಿ 2.5 ಚದರ ಮಿಲಿಮೀಟರ್ ವಯರ್, ಕೊನೆಯಲ್ಲಿ 16 ಆಂಪಿಯರ್ ಸಾಕೆಟ್. ಆ ಹಂತದಲ್ಲಿ ಖರ್ಚು ತೀರಾ ಕಡಿಮೆ.

ಇನ್ನು ಎತ್ತರ. ನಿಮ್ಮ ಭುಜದ ನೋವಿಗೆ ಇದು ನೇರವಾಗಿ ಸಂಬಂಧಿಸಿದ್ದು. ಹಾಗಾಗಿ ನಿಧಾನವಾಗಿ ಓದಿ.

ನಮ್ಮ ಕಡೆ ಮೇಸ್ತ್ರಿಗಳು ಕಟ್ಟೆಯನ್ನು ಸಾಮಾನ್ಯವಾಗಿ 34ರಿಂದ 36 ಇಂಚು ಎತ್ತರಕ್ಕೆ ಕಟ್ಟುತ್ತಾರೆ. ಅಡುಗೆ ಮಾಡುವವರನ್ನು ನಿಲ್ಲಿಸಿ ಅಳೆಯುವುದು ಅಪರೂಪ. ನೀವೇ ಅಳೆದುಕೊಳ್ಳಿ. ಅಡುಗೆಮನೆಯಲ್ಲಿ ಹಾಕುವ ಚಪ್ಪಲಿ ಇದ್ದರೆ ಹಾಕಿಕೊಂಡು ನೇರವಾಗಿ ನಿಂತು, ಮೊಣಕೈ ಮಡಚಿ. ನೆಲದಿಂದ ಮೊಣಕೈವರೆಗೆ ಎಷ್ಟು ಇಂಚು ಅಂತ ಯಜಮಾನರು ಅಳೆಯಲಿ. ನಿಮ್ಮ ಎತ್ತರಕ್ಕೆ ಅದು 38 ಇಂಚಿನ ಆಸುಪಾಸು ಬರಬೇಕು. ತರಕಾರಿ ಹೆಚ್ಚಲು ಮೊಣಕೈಗಿಂತ ನಾಲ್ಕೈದು ಇಂಚು ಕೆಳಗೆ ಇದ್ದರೆ ಹಿತ. ಆದರೆ ಚಪಾತಿ ಒತ್ತುವಾಗ, ರೊಟ್ಟಿ ತಟ್ಟುವಾಗ ಮೈಭಾರ ಕೈಗೆ ಇಳಿಯಬೇಕು. ಅದಕ್ಕೆ ಆರೇಳು ಇಂಚು ಕೆಳಗೆ ಬೇಕು. ಎತ್ತರದ ಕಟ್ಟೆಯ ಮೇಲೆ ತಟ್ಟಿದರೆ ಭುಜ ಮೇಲಕ್ಕೆ ಎತ್ತಿಕೊಂಡೇ ಇರುತ್ತದೆ. ದಿನಾ ಹತ್ತಿಪ್ಪತ್ತು ರೊಟ್ಟಿ ಹಾಗೆ ತಟ್ಟಿದರೆ ನೋಯದೆ ಇರುತ್ತಾ?

ನಿಮಗೆ ಐಲ್ಯಾಂಡ್ 32 ಇಂಚು ಎತ್ತರ ಇರಲಿ. ಗೋಡೆಯ ಕಟ್ಟೆಗಿಂತ ತಗ್ಗಾಗಿ ಕಾಣುತ್ತದೆ, ಕಾಣಲಿ ಬಿಡಿ. ಎರಡೂ ಒಂದೇ ಮಟ್ಟಕ್ಕೆ ಇರಬೇಕು ಅಂತ ಕಾರ್ಪೆಂಟರ್ ಹೇಳಿದರೆ ಒಪ್ಪಬೇಡಿ. ಒಂದು ಅಡುಗೆಮನೆಯಲ್ಲಿ ಎರಡು ಎತ್ತರ ಸಿಗುವುದೇ ಐಲ್ಯಾಂಡಿನ ದೊಡ್ಡ ಉಪಯೋಗ.

ರೊಟ್ಟಿಯ ಕಾರಣಕ್ಕೇ ನಾನು ಪ್ಲೈವುಡ್ ಪೆಟ್ಟಿಗೆಯನ್ನೂ ಬೇಡ ಅನ್ನುತ್ತಿರುವುದು. ಟೊಳ್ಳು ಪೆಟ್ಟಿಗೆಯ ಮೇಲೆ ತಟ್ಟಿದರೆ ಡೋಲಿನ ಹಾಗೆ ಸದ್ದು ಬರುತ್ತದೆ. ದಿನದಿನದ ಹೊಡೆತಕ್ಕೆ ಸ್ಕ್ರೂಗಳು ಸಡಿಲವಾಗುತ್ತವೆ. ಒಳಗೆ ಕತ್ತಲೆ, ಜಿರಲೆಗೆ ಅದೇ ಬೇಕು. ಎರಡೂ ಕಡೆ ಬಾಗಿಲು ಅಂದರೆ ಬಾಗಿಲ ಪ್ಲೈವುಡ್, ಅದಕ್ಕೆ ಒಳಗೂ ಹೊರಗೂ ಲ್ಯಾಮಿನೇಟ್ (ಸನ್‌ಮೈಕಾ ಥರದ ತೆಳು ಹಾಳೆ), ಅಂಚಿನ ಪಟ್ಟಿ, ಕೀಲು, ಹಿಡಿ, ಕಾರ್ಪೆಂಟರಿನ ದಿನಗೂಲಿ. ನಿಮ್ಮ ಕಾರ್ಪೆಂಟರ್ ಹೇಳಿದ 55 ಸಾವಿರ ಮೋಸದ ಲೆಕ್ಕವೇನಲ್ಲ. ಆ ವಸ್ತುವಿಗೆ ಅಷ್ಟು ಆಗುತ್ತದೆ. ಆದರೆ ಆ ವಸ್ತುವೇ ನಿಮಗೆ ಬೇಕಿಲ್ಲ. ಬಾಗಿಲು ತೆಗೆದುಹಾಕಿದರೆ ಅರ್ಧ ಖರ್ಚು ಹೋಗುತ್ತದೆ.

ತೆರೆದ ಹಲಗೆಯಲ್ಲಿ ಧೂಳು ಕೂರುತ್ತದೆ, ಅದು ನಿಜ. ವಾರಕ್ಕೊಮ್ಮೆ ಒರೆಸಬೇಕು. ಹಿಟ್ಟಿನ ಡಬ್ಬ, ಕುಕ್ಕರ್, ದೊಡ್ಡ ಪಾತ್ರೆಗಳನ್ನು ಇಟ್ಟರೆ ಒರೆಸುವುದು ಸುಲಭ. ಲೋಟ, ತಟ್ಟೆ ಅಲ್ಲಿ ಬೇಡ.

ಈಗ ಚೌಕಟ್ಟು. ಇದನ್ನು ಊರಿನ ಯಾವುದಾದರೂ ಗ್ರಿಲ್, ಗೇಟ್ ಮಾಡುವ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಮಾಡಿಸಿ. ಮೇಲಿನ ಕಲ್ಲು 48 ಇಂಚು, 24 ಇಂಚು. ಚೌಕಟ್ಟು ಎಲ್ಲ ಕಡೆ ಒಂದಿಂಚು ಒಳಗಿರಲಿ. ಅಂದರೆ 46 ಇಂಚು, 22 ಇಂಚು. ನಾಲ್ಕು ಕಾಲಿಗೆ ಮತ್ತು ಮೇಲಿನ ಚೌಕಕ್ಕೆ 40 ಮಿಲಿಮೀಟರ್ ಚೌಕ ಪೈಪ್, 2 ಮಿಲಿಮೀಟರ್ ದಪ್ಪದ್ದು. ಮೇಲಿನ ಚೌಕದ ಮಧ್ಯೆ ಅಡ್ಡಲಾಗಿ ಎರಡು ಪಟ್ಟಿ ಇರಲಿ, ಕಲ್ಲು ಅದರ ಮೇಲೆ ಕೂರಬೇಕು. ಕೆಳಗಿನ ಹಲಗೆಗಳಿಗೆ 25 ಮಿಲಿಮೀಟರ್ ಪೈಪ್, 1.6 ದಪ್ಪ ಸಾಕು. 40ರ ಪೈಪ್ ಮೀಟರಿಗೆ ಸುಮಾರು 2.4 ಕೆಜಿ ತೂಗುತ್ತದೆ, 25ರದ್ದು 1.2 ಕೆಜಿ. ಒಟ್ಟು ಚೌಕಟ್ಟು 28 ಕೆಜಿ ಆಸುಪಾಸು ಬರುತ್ತದೆ. ಫ್ಯಾಬ್ರಿಕೇಶನ್‌ನವರು ಲೆಕ್ಕ ಹಾಕುವುದು ಕೆಜಿ ಮೇಲೆ, ಹಾಗಾಗಿ ಈ ತೂಕ ನಿಮಗೆ ಗೊತ್ತಿದ್ದರೆ ಮಾತಾಡುವುದು ಸುಲಭ. ಯಾರಾದರೂ 50 ಕೆಜಿ ಅಂದರೆ ತಕ್ಕಡಿಗೆ ಹಾಕಿ ತೋರಿಸಿ ಅನ್ನಿ.

ವೆಲ್ಡಿಂಗ್ ಮುಗಿದ ಮೇಲೆ, ಬಣ್ಣ ಹೊಡೆಯುವ ಮುಂಚೆ ನೀವೇ ಹೋಗಿ ಮೂರು ವಿಷಯ ನೋಡಿ. ಒಂದು, ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಿರಿ. ಈ ಅಳತೆಗೆ ಎರಡೂ ಕರ್ಣ 51 ಇಂಚು ಬರಬೇಕು. ಒಂದು 51, ಇನ್ನೊಂದು ಐವತ್ತೂವರೆ ಬಂದರೆ ಚೌಕಟ್ಟು ಸೊಟ್ಟಗಿದೆ ಅಂತ ಅರ್ಥ. ಎರಡು, ಪೈಪಿನ ಎಲ್ಲ ಬಾಯಿಗಳೂ ಮುಚ್ಚಿರಬೇಕು. ಕಾಲಿನ ಕೆಳಗಿನ ಬಾಯಿ ತೆರೆದಿದ್ದರೆ ನೆಲ ಒರೆಸುವ ನೀರು ಒಳಗೆ ಹೋಗಿ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೊರಗಿನ ಬಣ್ಣ ಎಷ್ಟೇ ಚೆನ್ನಾಗಿರಲಿ, ಉಪಯೋಗವಿಲ್ಲ. ಕೆಳಗೆ ತಗಡು ಬೆಸೆದು, ಅದಕ್ಕೆ ನಟ್ ಕೂರಿಸಿ, ತಿರುಗಿಸಿ ಎತ್ತರ ಹೊಂದಿಸುವ ರಬ್ಬರ್ ಬುಷ್ ಹಾಕಿಸಿ. ಅಡುಗೆಮನೆ ನೆಲ ಎಲ್ಲೂ ಪೂರ್ತಿ ಸಮ ಇರುವುದಿಲ್ಲ, ನೀರು ಹರಿಯಲಿ ಅಂತ ಸ್ವಲ್ಪ ವಾಟ ಕೊಟ್ಟಿರುತ್ತಾರೆ. ಬುಷ್ ಇದ್ದರೆ ನಾಲ್ಕೂ ಕಾಲು ನೆಲಕ್ಕೆ ಕೂರುತ್ತವೆ. ಮೂರು, ವೆಲ್ಡಿಂಗ್ ಗಂಟುಗಳನ್ನು ಗ್ರೈಂಡ್ ಮಾಡಿ, ಕಪ್ಪು ಪುಡಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿರಬೇಕು. ಆಮೇಲೆ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಎರಡು ಕೋಟ್ ಇನಾಮಲ್. ಬಣ್ಣದ ಕೆಲಸ ಯಜಮಾನರು ಮನೆಯಲ್ಲೇ ಮಾಡಬಹುದು. ಮಾಡಿ ಒಂದು ವಾರ ಹೊರಗೇ ಇಡಿ. ಬಣ್ಣದ ವಾಸನೆ ಅಡುಗೆಮನೆಗೆ ಬರಬಾರದು.

ಚೌಕಟ್ಟು 30 ಇಂಚು ಎತ್ತರ. ಅದರ ಮೇಲೆ 19 ಮಿಲಿಮೀಟರ್ ಪ್ಲೈವುಡ್, ಅದರ ಮೇಲೆ 18 ಮಿಲಿಮೀಟರ್ ಕಲ್ಲು, ಎರಡೂ ಸೇರಿ ಒಂದೂವರೆ ಇಂಚು. ಬುಷ್ ಅರ್ಧ ಇಂಚು. ಒಟ್ಟು 32. ಕಲ್ಲಿನ ಕೆಳಗೆ ಪ್ಲೈವುಡ್ ಯಾಕೆ ಅಂದರೆ ತಟ್ಟುವ ಪೆಟ್ಟು ಕಲ್ಲಿಗೆ ಪೂರ್ತಿ ಹರಡಿ ಕೆಳಗಿನ ಆಸರೆಗೆ ಇಳಿಯಬೇಕು. ಬರೀ ಪೈಪಿನ ಮೇಲೆ ಕೂತ ಕಲ್ಲು ಪೈಪ್ ಇಲ್ಲದ ಕಡೆ ಬಿರುಕು ಬಿಡಬಹುದು. ಸದ್ದೂ ಕಡಿಮೆಯಾಗುತ್ತದೆ.

ಚಕ್ರ ಹಾಕಿಸಬಹುದಾ ಅಂತ ನೀವು ಕೇಳಿಲ್ಲ, ಆದರೆ ಫ್ಯಾಬ್ರಿಕೇಶನ್‌ನವರು ಕೇಳುತ್ತಾರೆ. ನಿಮಗೆ ಬೇಡ. ಬ್ರೇಕ್ ಇರುವ ಚಕ್ರವೂ ರೊಟ್ಟಿ ತಟ್ಟುವಾಗ ಅಲುಗುತ್ತದೆ. ರೊಟ್ಟಿಯ ರೂಢಿ ಇಲ್ಲದ ಮನೆಯವರು ಹಾಕಿಸಿಕೊಳ್ಳಬಹುದು. ಅವರು ಒಂದು ಲೆಕ್ಕ ನೆನಪಿಡಲಿ: ಮೇಜು ಮತ್ತು ಸಾಮಾನಿನ ಒಟ್ಟು ತೂಕವನ್ನು ನಾಲ್ಕರಿಂದ ಭಾಗಿಸಬೇಡಿ, ಮೂರರಿಂದ ಭಾಗಿಸಿ. ನೆಲ ಏರುಪೇರಾದ ಕಡೆ ಮೂರೇ ಚಕ್ರ ಭಾರ ಹೊರುತ್ತವೆ. ಇಂಥ ಮೇಜು ಸಾಮಾನು ಸಮೇತ 150 ಕೆಜಿ ಮುಟ್ಟುತ್ತದೆ. ಹಾಗಾಗಿ ಒಂದೊಂದು ಚಕ್ರ ಕನಿಷ್ಠ 50 ಕೆಜಿ ಹೊರುವಂತಿರಬೇಕು.

ಕಲ್ಲು ತರಲು ಗ್ರಾನೈಟ್ ಯಾರ್ಡಿಗೆ ಹೋದಾಗ ಪೂರ್ತಿ ಸ್ಲ್ಯಾಬ್ ತೋರಿಸಿ ಅನ್ನಬೇಡಿ. ತುಂಡು ಕಲ್ಲು ಎಲ್ಲಿದೆ ಅಂತ ಕೇಳಿ. ದೊಡ್ಡ ಮನೆಗಳಿಗೆ ಕತ್ತರಿಸಿ ಉಳಿದ ತುಂಡುಗಳು ಯಾರ್ಡಿನ ಹಿಂದೆ ಗೋಡೆಗೆ ಒರಗಿಸಿರುತ್ತವೆ. ಅವರಿಗೆ ಅದು ಜಾಗ ತಿನ್ನುವ ಸಾಮಾನು, ನಿಮಗೆ ಬೇಕಾದದ್ದು ಎಂಟೇ ಚದರಡಿ. ಹೊಸ ಸ್ಲ್ಯಾಬಿನ ಬೆಲೆಗಿಂತ ಸಾಕಷ್ಟು ಕಡಿಮೆಗೆ ಸಿಗುತ್ತದೆ. ಅಂಚಿನ ಪಾಲಿಶ್‌ಗೆ ರನ್ನಿಂಗ್ ಫೂಟ್ ಲೆಕ್ಕದಲ್ಲಿ ಬೇರೆ ತೆಗೆದುಕೊಳ್ಳುತ್ತಾರೆ. ನಾಲ್ಕೂ ಕಡೆ ಸೇರಿ 12 ಅಡಿ. ಐಲ್ಯಾಂಡ್ ಅಲ್ವಾ, ನಾಲ್ಕೂ ಅಂಚು ಕಾಣುತ್ತವೆ, ಕೈಗೆ ತಾಗುತ್ತವೆ. ಮೂಲೆಗಳನ್ನು ಸ್ವಲ್ಪ ಗುಂಡಗೆ ಮಾಡಿಸಿ. ಚೂಪು ಮೂಲೆ ಸರಿಯಾಗಿ ಪುಟ್ಟ ಮಕ್ಕಳ ತಲೆಯ ಎತ್ತರಕ್ಕೆ ಬರುತ್ತದೆ.

ಕರ್ನಾಟಕದಲ್ಲಿ ಕಲ್ಲಿಗೆ ಬರವಿಲ್ಲ. ಚಾಮರಾಜನಗರದ ಕಡೆಯ ಕಪ್ಪು, ಇಳಕಲ್ಲಿನ ಕೆಂಪು, ಕನಕಪುರದ ಬಣ್ಣಬಣ್ಣದ ಕಲ್ಲು ದೇಶವಿದೇಶಕ್ಕೆ ಹೋಗುತ್ತವೆ. ಈ ಮೂರರಲ್ಲಿ ನಿಮಗೆ ಹತ್ತಿರ ಇಳಕಲ್. ನನ್ನನ್ನು ಕೇಳಿದರೆ ರೊಟ್ಟಿಗೆ ಗಾಢ ಬಣ್ಣದ ಕಲ್ಲೇ ಸರಿ. ಜೋಳದ ಹಿಟ್ಟು ಎಲ್ಲಿ ಉಳಿದಿದೆ ಅಂತ ಕಣ್ಣಿಗೆ ಕಾಣುತ್ತದೆ, ಪೂರ್ತಿ ಒರೆಸುತ್ತೀರಿ. ತಿಳಿ ಬಣ್ಣದ ಕಲ್ಲಿನಲ್ಲಿ ಅರಿಸಿನ, ಎಣ್ಣೆಯ ಕಲೆ ಬೇಗ ಎದ್ದು ಕಾಣುತ್ತದೆ.

ಕಡಪ ಕಲ್ಲು ಅಗ್ಗ, ಅದನ್ನೇ ಹಾಕಿಬಿಡಿ ಅಂತ ಕೆಲವರು ಹೇಳುತ್ತಾರೆ. ಹಲಗೆಗೆ ಹಾಕಿ, ಮೇಲ್ಭಾಗಕ್ಕೆ ಬೇಡ. ಕಡಪ, ಶಹಾಬಾದ್ ಎರಡೂ ಸುಣ್ಣದ ಕಲ್ಲುಗಳು. ನಿಂಬೆ ರಸ, ಹುಣಸೆ ರಸ ಬಿದ್ದರೆ ಹೊಳಪು ತಿಂದುಹಾಕುತ್ತದೆ. ಮಾರ್ಬಲ್ಲಿಗೂ ಅದೇ ಗತಿ. ಗ್ರಾನೈಟಿಗೆ ಆ ತೊಂದರೆ ಇಲ್ಲ. ಯಾರ್ಡಿನಲ್ಲಿ ಅನುಮಾನ ಬಂದರೆ ತುಂಡಿನ ಮೇಲೆ ನಾಲ್ಕು ಹನಿ ನಿಂಬೆ ರಸ ಹಾಕಿ ಕಾಲು ಗಂಟೆ ಬಿಟ್ಟು ಒರೆಸಿ. ಮಂಕಾದ ಗುರುತು ಉಳಿದರೆ ಅದು ಗ್ರಾನೈಟ್ ಅಲ್ಲ. ಕಪ್ಪು ಕಲ್ಲಿಗೆ ಇನ್ನೊಂದು ಪರೀಕ್ಷೆ ಇದೆ. ಬೂದು ಕಲ್ಲಿಗೆ ಕಪ್ಪು ಬಣ್ಣ ತಿನ್ನಿಸಿ ಮಾರುವುದುಂಟು. ಬಿಳಿ ಬಟ್ಟೆಗೆ ಅಸಿಟೋನ್ ಇರುವ ನೈಲ್ ಪಾಲಿಶ್ ರಿಮೂವರ್ ಹಾಕಿ ಉಜ್ಜಿ. ಬಟ್ಟೆ ಕಪ್ಪಾದರೆ ಬಿಟ್ಟು ಬನ್ನಿ.

ಕಲ್ಲನ್ನು ಸಾಗಿಸುವಾಗ ಒಂದು ಎಚ್ಚರ. 18 ಮಿಲಿಮೀಟರ್ ಗ್ರಾನೈಟ್ ಚದರಡಿಗೆ ನಾಲ್ಕೂವರೆ ಕೆಜಿ. ನಿಮ್ಮದು 36 ಕೆಜಿ ಆಗುತ್ತದೆ. ಇಬ್ಬರು ಸುಲಭವಾಗಿ ಹಿಡಿಯಬಹುದು. ಆದರೆ ಯಾವಾಗಲೂ ನಿಲ್ಲಿಸಿಯೇ ಹಿಡಿಯಬೇಕು, ಗಾಡಿಯಲ್ಲೂ ನಿಲ್ಲಿಸಿಯೇ ಇಡಬೇಕು. ಮಲಗಿಸಿ ಹಿಡಿದರೆ ತನ್ನ ಭಾರಕ್ಕೇ ಮಧ್ಯೆ ಬಿರಿಯಬಹುದು.

ಮರದ ಮೇಲ್ಭಾಗ ಹೇಗೆ ಅಂತ ಮಲೆನಾಡಿನವರು ಕೇಳುವುದುಂಟು. ಅಲ್ಲಿ ಕಾಫಿ ತೋಟದ ಸಿಲ್ವರ್ ಓಕ್, ಹಲಸು ಸುಲಭಕ್ಕೆ ಸಿಗುತ್ತದೆ. ಚೆನ್ನಾಗಿ ಒಣಗಿದ ಮರವಾದರೆ ತರಕಾರಿ ಹೆಚ್ಚಲು, ಊಟಕ್ಕೆ ಕೂರಲು ತುಂಬಾ ಚೆಂದ. ರೊಟ್ಟಿ ತಟ್ಟುವ ಮನೆಗೆ ಕಲ್ಲೇ ಆಗಬೇಕು. ಹಳೇ ಮನೆಯ ಬಾಗಿಲನ್ನು ಮೇಲ್ಭಾಗ ಮಾಡಿಕೊಳ್ಳುವವರಿಗೂ ಒಂದು ಮಾತು ಹೇಳಲೇಬೇಕು. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಬಣ್ಣ ಬಳಿದ ಹಳೇ ಮರದ ಮೇಲೆ ನೇರವಾಗಿ ಹಿಟ್ಟು ಕಲಸಬೇಡಿ. ಅದನ್ನು ಮನೆಯೊಳಗೆ ಉಜ್ಜಿ ಧೂಳೆಬ್ಬಿಸಲೂ ಬೇಡಿ.

ಪ್ಲೈವುಡ್ಡಿನ ಲೆಕ್ಕಕ್ಕೆ ಬರೋಣ. 19 ಮಿಲಿಮೀಟರಿನ ಒಂದೇ ಒಂದು ಹಾಳೆ ತನ್ನಿ. ಅಂಗಡಿಯಲ್ಲೇ ನಾಲ್ಕು ತುಂಡು ಮಾಡಿಸಿ. ಒಂದು ಕಲ್ಲಿನ ಕೆಳಗೆ. ಎರಡು ಹಲಗೆಗೆ. ನಾಲ್ಕನೆಯದು ಡ್ರಾಯರಿಗೆ. ಹಲಗೆಗಳಿಗೆ ಮೇಲೆ ಕೆಳಗೆ ಲ್ಯಾಮಿನೇಟ್ ಬೇಕು. ಒಂದೇ ಕಡೆ ಅಂಟಿಸಿದರೆ ಹಲಗೆ ಬಾಗುತ್ತದೆ. ಲ್ಯಾಮಿನೇಟ್ ಹಾಳೆಯೂ 8 ಅಡಿ, 4 ಅಡಿಯದೇ. ಎರಡು ಹಲಗೆಯ ನಾಲ್ಕು ಮುಖಕ್ಕೆ ಒಂದು ಹಾಳೆ ಸರಿಯಾಗುತ್ತದೆ.

ಪ್ಲೈವುಡ್ ಮೇಲೆ ಐಎಸ್ 710 ಅಂತ ಐಎಸ್‌ಐ ಗುರುತಿನ ಜೊತೆ ಮುದ್ರೆ ಇರಬೇಕು. ಕುದಿಯುವ ನೀರಿನಲ್ಲಿ 72 ಗಂಟೆ ಇಟ್ಟರೂ ಪದರ ಬಿಡದ ದರ್ಜೆ ಅದು. ಐಎಸ್ 303 ಗುರುತಿನ ಎಂಆರ್ (ತೇವ ತಡೆಯುವ) ದರ್ಜೆ ಅಗ್ಗಕ್ಕೆ ಸಿಗುತ್ತದೆ, ಬಟ್ಟೆ ಬೀರುವಿಗೆ ಸರಿ, ಅಡುಗೆಮನೆಗೆ ಬೇಡ. ಪಾರ್ಟಿಕಲ್ ಬೋರ್ಡಂತೂ ನೀರು ತಾಗಿದರೆ ಊದಿಕೊಂಡು ಮತ್ತೆ ಮೊದಲಿನಂತಾಗುವುದಿಲ್ಲ. ಮುದ್ರೆಯೊಂದನ್ನೇ ನಂಬಬೇಡಿ. ಹಾಳೆಯ ಅಂಚು ನೋಡಿ, ಪದರಗಳ ಮಧ್ಯೆ ಸಂದು ಇರಬಾರದು. ಬೆರಳ ಗಂಟಿನಿಂದ ಅಲ್ಲಲ್ಲಿ ತಟ್ಟಿ, ಎಲ್ಲ ಕಡೆ ಒಂದೇ ಸದ್ದು ಬರಬೇಕು. ದಪ್ಪವನ್ನೂ ಅಳೆಯಿರಿ. 19 ಅಂತ ಹೇಳಿ 17 ಕೊಡುವುದು ಮಾಮೂಲಿ. ಕತ್ತರಿಸಿದ ಅಂಚುಗಳಿಗೆಲ್ಲ ಪಟ್ಟಿ ಅಂಟಿಸಿ ಅಥವಾ ಎರಡು ಕೋಟ್ ಬಣ್ಣ ಹೊಡೆಯಿರಿ. ನೀರು ಒಳಗೆ ಹೋಗುವುದು ಅಲ್ಲಿಂದಲೇ. ಕೆಳಗಿನ ಹಲಗೆ ನೆಲದಿಂದ ಆರು ಇಂಚು ಮೇಲಿರಲಿ. ಪೊರಕೆ, ಮಾಪ್ ಅಡಿಯಲ್ಲಿ ಸಲೀಸಾಗಿ ಹೋಗಬೇಕು.

ಮಗನ ಜಾಗ? ಮೇಲಿನ ಹಲಗೆಯನ್ನು ಪೂರ್ತಿ ಉದ್ದಕ್ಕೆ ಹಾಕಬೇಡಿ. ಬಾಗಿಲ ಕಡೆಯ ತುದಿಯಲ್ಲಿ ಒಂದಡಿ ಬಿಟ್ಟು ನಿಲ್ಲಿಸಿ. ಫ್ಯಾಬ್ರಿಕೇಶನ್‌ನವರಿಗೆ ಮೊದಲೇ ಹೇಳಿ, ಅಲ್ಲಿ ಅಡ್ಡ ಪೈಪ್ ಬರಬಾರದು. ಎರಡು ಕಾಲುಗಳ ಮಧ್ಯೆ 18 ಇಂಚಿಗಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ, ಮಗುವಿನ ಮಂಡಿ ಒಳಗೆ ಹೋಗುತ್ತದೆ. 32 ಇಂಚಿನ ಮೇಜಿಗೆ 21 ಇಂಚು ಎತ್ತರದ ಸ್ಟೂಲ್ ಸರಿ. ಊಟದ ಕುರ್ಚಿ 18 ಇಂಚು ಇರುತ್ತದೆ, ಅದು ತಗ್ಗಾಗುತ್ತದೆ. ಬಾರ್ ಸ್ಟೂಲ್ ಎತ್ತರವಾಗುತ್ತದೆ. ಕೂರಲು ಅನುಕೂಲ ಅಂತ ಕಲ್ಲನ್ನು ಒಂದಡಿ ಹೊರಗೆ ಚಾಚಿಸುವ ಆಸೆ ಬಂದರೆ ತಡೆದುಕೊಳ್ಳಿ. 18 ಮಿಲಿಮೀಟರ್ ಕಲ್ಲು ಆಸರೆಯಿಲ್ಲದೆ ಆರಿಂಚಿಗಿಂತ ಹೊರಗೆ ಚಾಚಬಾರದು. ಮಗು ಅದರ ಮೇಲೆ ಕೈಯೂರಿ ಜಿಗಿದರೆ ಮುರಿಯಬಹುದು.

ಖರ್ಚು ಹೀಗೆ ಬರಬಹುದು. ಊರಿಂದ ಊರಿಗೆ, ಅಂಗಡಿಯಿಂದ ಅಂಗಡಿಗೆ ಬೆಲೆ ಬದಲಾಗುತ್ತದೆ, ಇದನ್ನು ಅಂದಾಜು ಅಂತಲೇ ಇಟ್ಟುಕೊಳ್ಳಿ. ಚೌಕಟ್ಟು ಕೂಲಿ ಸೇರಿ 5 ಸಾವಿರ. ಪ್ಲೈವುಡ್ 4 ಸಾವಿರ. ಲ್ಯಾಮಿನೇಟ್ 1,300. ತುಂಡು ಗ್ರಾನೈಟ್, ಅಂಚಿನ ಪಾಲಿಶ್ ಸೇರಿ 3 ಸಾವಿರ. ಡ್ರಾಯರಿನ ಚಾನೆಲ್, ಹಿಡಿ, ತಳದ ಹಲಗೆ 1,500. ಬುಷ್, ಬಣ್ಣ, ಫೆವಿಕಾಲ್, ಸಿಲಿಕಾನ್ 1,500. ಕಾರ್ಪೆಂಟರಿಗೆ ಎರಡು ದಿನದ ಕೂಲಿ 2,400. ಲಗೇಜ್ ಆಟೋ ಎರಡು ಸಲಕ್ಕೆ 1,000. ಕೂಡಿದರೆ 19,700. ಉಳಿದ 5 ಸಾವಿರ ಚಿಲ್ಲರೆಯನ್ನು ಮೊದಲೇ ಖರ್ಚಿಗೆ ಹಂಚಬೇಡಿ. ಕೈಯಲ್ಲಿರಲಿ. ಕೆಲಸ ಮುಗಿದ ಮೇಲೆ ಒಂದು ಒಳ್ಳೆಯ ಸ್ಟೂಲಿಗೆ ಬರುತ್ತದೆ. ಇನ್ನೂ ಉಳಿಸಬೇಕು ಅಂತಿದ್ದರೆ ಡ್ರಾಯರ್ ಬಿಡಿ, ಲ್ಯಾಮಿನೇಟಿನ ಬದಲು ಇನಾಮಲ್ ಹೊಡೆಯಿರಿ. ಕಲ್ಲಿನಲ್ಲಿ, ಪ್ಲೈವುಡ್ ದರ್ಜೆಯಲ್ಲಿ, ಪೈಪಿನ ದಪ್ಪದಲ್ಲಿ ಮಾತ್ರ ಉಳಿಸಬೇಡಿ.

ಯಜಮಾನರು ಏನೇನು ಮಾಡಬಹುದು ಅಂದರೆ ಬಣ್ಣ, ಹಲಗೆ ಕೂರಿಸುವುದು, ಬುಷ್ ಹೊಂದಿಸಿ ಮಟ್ಟ ನೋಡುವುದು, ಕಲ್ಲು ಅಂಟಿಸುವುದು. ಹಲಗೆಗೆ ಸ್ಕ್ರೂ ಹಾಕಲು ಪೈಪಿಗೆ ತೂತು ಬೇಕು. ಅದಕ್ಕೆ ಕಬ್ಬಿಣದ ಬಿಟ್ ಇದ್ದರೆ ಸಾಕು. ತೂತು ಮಾಡಿದ ಕಡೆ ತಕ್ಷಣ ಪ್ರೈಮರ್ ಹಚ್ಚಲಿ. ಮಟ್ಟ ನೋಡಿಯಾದ ಮೇಲೆ ಪ್ಲೈವುಡ್ ಮೇಲೆ ಅಂಗೈ ಅಗಲಕ್ಕೊಂದರಂತೆ ಸಿಲಿಕಾನ್ ಬೊಟ್ಟು ಇಟ್ಟು ಕಲ್ಲನ್ನು ನಿಧಾನಕ್ಕೆ ಮಲಗಿಸಬೇಕು. ಈ ಒಂದು ಕೆಲಸಕ್ಕೆ ಮೂರನೆಯವರು ಜೊತೆಗಿರಲಿ. ಒಂದು ಅಂಚನ್ನು ಮೊದಲು ಕೂರಿಸಿ, ಇನ್ನೊಂದನ್ನು ಇಳಿಸುವಾಗ ಮಧ್ಯಕ್ಕೆ ಒಬ್ಬರು ಕೈ ಕೊಡಬೇಕು. ಆಮೇಲೆ ಒಂದು ಪೂರ್ತಿ ದಿನ ಮುಟ್ಟಬೇಡಿ. ನೆಲಕ್ಕೆ ಬೋಲ್ಟ್ ಹಾಕಿ ಕಚ್ಚಿಸುವ ಅಗತ್ಯವಿಲ್ಲ. ಆ ಭಾರಕ್ಕೆ ಮೇಜು ಅಲ್ಲಾಡುವುದಿಲ್ಲ, ಟೈಲ್ಸೂ ಉಳಿಯುತ್ತದೆ.

ವೆಲ್ಡಿಂಗ್ ಮತ್ತು ಕಲ್ಲು ಕತ್ತರಿಸುವುದನ್ನು ಮಾತ್ರ ಅಂಗಡಿಯವರಿಗೇ ಬಿಡಿ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು, ಮನೆಯಲ್ಲಿ ಆ ಕೆಲಸ ಬೇಡ. ಕಲ್ಲಿನ ಅಳತೆಯನ್ನು ಚೌಕಟ್ಟು ಮನೆಗೆ ಬಂದ ಮೇಲೆ ಮತ್ತೊಮ್ಮೆ ನೋಡಿಕೊಂಡು, ಆಮೇಲೆ ಕತ್ತರಿಸಲು ಹೇಳಿ.